ಕಿತ್ತೂರು ತನ್ನ ಕೈಯಲ್ಲೇ ಇದ್ದ 43 ದಿನ

1824ರ ಸೆಪ್ಟೆಂಬರ್ ಎರಡನೆಯ ವಾರ ಧಾರವಾಡದ ಕಲೆಕ್ಟರ್ ಕಚೇರಿಗೆ ಕಿತ್ತೂರಿನಿಂದ ಒಂದು ಪತ್ರ ಬಂತು. ದೇಸಾಯಿ ಶಿವಲಿಂಗರುದ್ರ ಸರ್ಜ ಬರೆಸಿದ್ದು. ಆದರೆ ಅದರ ಮೇಲಿನ ತಾರೀಖು ಜುಲೈ ತಿಂಗಳದು. ತನಗೆ ಜಡ್ಡು ಜೋರಾಗಿದೆ, ಹೊಟ್ಟೆಯಲ್ಲಿ ಹುಟ್ಟಿದ ಮಗನಿಲ್ಲ, ಆದ್ದರಿಂದ ದತ್ತಕ ತೆಗೆದುಕೊಳ್ಳುವುದಾಗಿ ದೇಸಾಯಿ ತಿಳಿಸಿದ್ದ. ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ ಸರಕಾರಿ ಡಾಕ್ಟರನನ್ನು ಕಿತ್ತೂರಿಗೆ ಕಳಿಸಿದ. ಡಾಕ್ಟರ್ ಮುಟ್ಟುವ ಹೊತ್ತಿಗೆ ದೇಸಾಯಿ ತೀರಿಕೊಂಡಿದ್ದ. ಥ್ಯಾಕರೆಯ ಕಣ್ಣು ಪತ್ರದ ಸಹಿಯ ಮೇಲೆ ಬಿತ್ತು. ಈ ಸಹಿ ದೇಸಾಯಿ ಜೀವಂತ ಇದ್ದಾಗಿನದೋ, ಅವನು ಹೋದ ಮೇಲೆ ಯಾರಾದರೂ ಹಾಕಿದ್ದೋ ಎಂಬ ಸಂಶಯ ಅವನಿಗೆ ಹುಟ್ಟಿತು.

ಕಿತ್ತೂರಿನ ಕಥೆಯನ್ನು ನಾವು ಸಾಮಾನ್ಯವಾಗಿ ಕತ್ತಿ ಕುದುರೆಗಳಿಂದ ಶುರು ಮಾಡುತ್ತೇವೆ. ನಾನು ಈ ಸಹಿಯಿಂದ ಶುರು ಮಾಡಿದ್ದಕ್ಕೆ ಕಾರಣವಿದೆ. ಮುನ್ನೂರಕ್ಕೂ ಹೆಚ್ಚು ಹಳ್ಳಿಗಳ ಒಂದು ಸಂಸ್ಥಾನ ಉಳಿಯಬೇಕೋ ಅಳಿಯಬೇಕೋ ಎಂಬುದನ್ನು ಒಬ್ಬ ಪರದೇಶಿ ಅಧಿಕಾರಿ ಒಂದು ಕಾಗದದ ಮೇಲಿನ ಮಸಿ ನೋಡಿ ತೀರ್ಮಾನಿಸಲು ಕುಳಿತಿದ್ದ. ಆ ತೀರ್ಮಾನ ಮಾಡುವ ಹಕ್ಕೇ ನಿನಗಿಲ್ಲ ಎಂದು ಕಿತ್ತೂರು ಹೇಳಿತು. ಮುಂದೆ ಸಿಡಿದ ತೋಪು, ಉರುಳಿದ ತಲೆ, ಬಿದ್ದ ಕೋಟೆ ಎಲ್ಲವೂ ಈ ಒಂದು ಮಾತಿನಿಂದ ಹುಟ್ಟಿದವು.

ಇವತ್ತು ಬೆಳಗಾವಿಯಿಂದ ಧಾರವಾಡಕ್ಕೆ ಹೊರಟ ಬಸ್ಸು ಹೆದ್ದಾರಿ ಬಿಟ್ಟು ಒಳಗೆ ಹೋಗಿ ಬರುವ ಒಂದು ಸಣ್ಣ ಊರು ಕಿತ್ತೂರು. ಎಷ್ಟೋ ಬಸ್ಸುಗಳು ಒಳಗೂ ಹೋಗುವುದಿಲ್ಲ. ಊರ ಮಗ್ಗುಲಿಗೆ ಕೋಟೆ, ಅದರ ಒಳಗೆ ಅರಮನೆಯ ಬುನಾದಿ, ಗೋಡೆಗಳ ಮೋಟು, ಸ್ನಾನದ ಮನೆಯ ಕಲ್ಲು. ಧ್ರುವ ನಕ್ಷತ್ರ ನೋಡಲೆಂದು ಒಂದು ಗೋಡೆಯಲ್ಲಿ ಓರೆಯಾಗಿ ತೂತು ಬಿಟ್ಟಿದ್ದಾರೆ. ಕಣ್ಣಿಟ್ಟು ನೋಡಿದರೆ ಉತ್ತರದ ಆಕಾಶದ ಒಂದು ತುಣುಕು ಕಾಣುತ್ತದೆ. ಶಾಲೆಯ ಮಕ್ಕಳು ಸರತಿಯಲ್ಲಿ ನಿಂತು ಹಗಲು ಹೊತ್ತಿನಲ್ಲೇ ಇಣುಕುತ್ತಾರೆ. ಗೋಡೆ ಕಟ್ಟುವ ಮೊದಲೇ ದಿಕ್ಕು ನೋಡಿ, ಕೋನ ಲೆಕ್ಕ ಹಾಕಿ ಮಾಡಿದ ಕೆಲಸ ಅದು.

ಈ ಮನೆತನದ ಮೂಲ ಪುರುಷರು ಹಿರೇಮಲ್ಲಶೆಟ್ಟಿ, ಚಿಕ್ಕಮಲ್ಲಶೆಟ್ಟಿ ಎಂಬ ಅಣ್ಣತಮ್ಮಂದಿರು. 1585ರ ಸುಮಾರಿಗೆ ವಿಜಾಪುರದ ಆದಿಲಶಾಹಿ ಸೈನ್ಯದ ಜೊತೆ ಈ ಕಡೆ ಬಂದವರು. ಮೊದಲು ಸಂಪಗಾವಿಯಲ್ಲಿ ನೆಲೆ ನಿಂತರು. ಮುಂದೆ 17ನೆಯ ಶತಮಾನದಲ್ಲಿ ಅಲ್ಲಪ್ಪಗೌಡ ಸರದೇಸಾಯಿ ವಾಸವನ್ನು ಕಿತ್ತೂರಿಗೆ ಬದಲಿಸಿ ಕೋಟೆ ಕಟ್ಟಿಸಿದ. ವಿಜಾಪುರ ಮುಳುಗಿತು, ಸವಣೂರ ನವಾಬರು ಬಂದರು. ಅವರು ಸೋತರು, ಪೇಶ್ವೆಯವರು ಬಂದರು. ನಡುವೆ ಹೈದರ, ಅವನ ಹಿಂದೆ ಟಿಪ್ಪು. ಪ್ರತಿ ಸಲವೂ ಕಿತ್ತೂರು ಕಪ್ಪ ಕೊಟ್ಟಿತು, ಕೆಲವೊಮ್ಮೆ ತಪ್ಪಿಸಿತು, ಕೆಲವೊಮ್ಮೆ ಏಟು ತಿಂದಿತು. ಆದರೆ ಊರುಗಳ ಕಾರಭಾರ ಮಾತ್ರ ದೇಸಾಯಿಯ ವಾಡೆಯಿಂದಲೇ ನಡೆಯಿತು.

ದೇಸಗತಿ ಹೇಗೆ ನಡೆಯುತ್ತಿತ್ತು ಎಂಬುದನ್ನು ತಿಳಿಯದೆ ಮುಂದಿನ ಕಥೆ ತಿಳಿಯುವುದಿಲ್ಲ. ಪ್ರತಿ ಹಳ್ಳಿಗೆ ಒಬ್ಬ ಗೌಡ, ಲೆಕ್ಕ ಬರೆಯಲು ಕುಲಕರ್ಣಿ, ಕಾವಲಿಗೆ ವಾಲೀಕಾರ ಮತ್ತು ಶೇತಸನದಿ. ಇವರಿಗೆ ತಿಂಗಳ ಪಗಾರವಿಲ್ಲ, ಹೊಲದ ಮಾನ್ಯ. ಶೇತಸನದಿಯವನು ತನ್ನ ಹೊಲ ತಾನು ಉಳುತ್ತಾನೆ; ದೇಸಾಯಿಯ ಕರೆ ಬಂದ ದಿನ ಕೂರಿಗೆ ಬಿಟ್ಟು ಕತ್ತಿ ಹಿಡಿಯುತ್ತಾನೆ. ರಣದಲ್ಲಿ ಸತ್ತವನ ಮನೆಗೆ ಕೊಟ್ಟ ನೆಲ ರಕ್ತಮಾನ್ಯ. ಹೀಗೆ ಕಿತ್ತೂರಿನ ದಂಡು ಕೋಟೆಯಲ್ಲಿ ಕೂತಿರಲಿಲ್ಲ, ಹಳ್ಳಿಹಳ್ಳಿಯ ಎರೆಹೊಲಗಳಲ್ಲಿ ಹಂಚಿಕೊಂಡಿತ್ತು. ಸಂಸ್ಥಾನ ಹೋದರೆ ದೇಸಾಯಿಯ ಸಿಂಹಾಸನದ ಜೊತೆಗೆ ಸಾವಿರಾರು ಮನೆಗಳ ಹೊಲದ ಹಕ್ಕೂ ಹೋಗುತ್ತದೆ. ಈ ಮಾತನ್ನು ಮುಂದೆ ಸಂಗೊಳ್ಳಿಯ ರಾಯಣ್ಣನ ಕಥೆಯ ತನಕ ನೆನಪಿನಲ್ಲಿಡಬೇಕು.

ಕಿತ್ತೂರಿನ ಏಳಿಗೆಯ ಕಾಲ ಮಲ್ಲಸರ್ಜನದು. 1782ರಿಂದ 1816ರ ವರೆಗೆ ಆಳಿದ. ಟಿಪ್ಪು ಅವನನ್ನು ಹಿಡಿದು ಕಪಾಲದುರ್ಗದಲ್ಲಿ ಸೆರೆಯಿಟ್ಟ. ಅಲ್ಲಿಂದ ತಪ್ಪಿಸಿಕೊಂಡು ಬಂದು ಮತ್ತೆ ಸಂಸ್ಥಾನ ಕಟ್ಟಿದ. ಕೊನೆಗೆ ಪೇಶ್ವೆ ಎರಡನೆಯ ಬಾಜಿರಾಯ ಅವನನ್ನು ಪುಣೆಯಲ್ಲಿ ಕೂಡಿಹಾಕಿದ. ಅಲ್ಲಿ ಜಡ್ಡು ಹಿಡಿದು ಬಿಡುಗಡೆಯಾದವನು 1816ರಲ್ಲಿ ತೀರಿಕೊಂಡ. ಅವನ ಹಿರಿಯ ಹೆಂಡತಿ ತಲ್ಲೂರಿನ ರುದ್ರಮ್ಮ. ಕಿರಿಯವಳು ಕಾಕತಿಯ ಧೂಳಪ್ಪಗೌಡ ದೇಸಾಯಿಯ ಮಗಳು ಚನ್ನಮ್ಮ. ಪಟ್ಟಕ್ಕೆ ಬಂದ ಶಿವಲಿಂಗರುದ್ರ ರುದ್ರಮ್ಮನ ಮಗ.

ಇಲ್ಲಿ ಕಿತ್ತೂರು ಈಸ್ಟ್ ಇಂಡಿಯಾ ಕಂಪನಿಯ ಕಡೆ ಮುಖ ಮಾಡಿತು. ತಂದೆಯನ್ನು ಸೆರೆಯಿಟ್ಟು ಕೊಂದಂತೆ ಮಾಡಿದ ಪೇಶ್ವೆಯ ಮೇಲೆ ಮಗನಿಗೆ ಸಿಟ್ಟಿದ್ದುದು ಸಹಜ. 1818ರಲ್ಲಿ ಕಂಪನಿಯ ಥಾಮಸ್ ಮನ್ರೋ ಬೆಳಗಾವಿ ಕೋಟೆಗೆ ಮುತ್ತಿಗೆ ಹಾಕಿದಾಗ ಶಿವಲಿಂಗರುದ್ರ ಮನ್ರೋನಿಗೆ ನೆರವಾದ. ಪ್ರತಿಯಾಗಿ ಕಂಪನಿ ಸಂಸ್ಥಾನವನ್ನು ಅವನಿಗೆ ನಡೆಸಿಕೊಟ್ಟಿತು. ಖಾನಾಪುರದ ಸೀಮೆಯನ್ನು ತಾನು ಇಟ್ಟುಕೊಂಡು ವರ್ಷಕ್ಕೆ ಒಂದೂವರೆ ಲಕ್ಷ ರೂಪಾಯಿಗೂ ಮಿಕ್ಕಿದ ಕಪ್ಪ ಗೊತ್ತು ಮಾಡಿತು. ಸನದು ಕೈಗೆ ಬಂದ ಆರೇ ವರ್ಷಕ್ಕೆ ದೇಸಾಯಿ ಹಾಸಿಗೆ ಹಿಡಿದ. ಕಂಪನಿಯನ್ನು ನಂಬಿದ್ದು ತಪ್ಪಾಯಿತು ಎಂದು ಇವತ್ತು ಹೇಳುವುದು ಸುಲಭ. 1818ರಲ್ಲಿ ಕಿತ್ತೂರಿನ ಎದುರು ಇದ್ದ ಇನ್ನೊಂದು ದಾರಿ ಬಾಜಿರಾಯ ಎಂಬುದನ್ನು ಮರೆಯಬಾರದು.

ದತ್ತಕ ಬಂದ ಹುಡುಗ ಮಾಸ್ತಮರಡಿ ಗೌಡರ ಮನೆಯ ಶಿವಲಿಂಗಪ್ಪ. ಅವನಿಗೆ ಸವಾಯಿ ಮಲ್ಲಸರ್ಜ ಎಂದು ಹೆಸರಿಟ್ಟರು. ನಮ್ಮ ಧರ್ಮಶಾಸ್ತ್ರದಲ್ಲಿ ದತ್ತಕ ಬಂದವನು ಆ ಮನೆಯ ಮಗನೇ. ಪಿಂಡ ಹಾಕುವ ಹಕ್ಕು, ಆಸ್ತಿಯ ಹಕ್ಕು ಎರಡೂ ಅವನವು. ಕಂಪನಿಯ ವಾದ ಬೇರೆ: ಮನೆಯ ಆಸ್ತಿಗೆ ಯಾರನ್ನಾದರೂ ದತ್ತಕ ತೆಗೆದುಕೊಳ್ಳಿ, ಆದರೆ ರಾಜ್ಯಕ್ಕೆ ವಾರಸುದಾರ ಬೇಕಾದರೆ ಮೊದಲು ನಮ್ಮ ಅಪ್ಪಣೆ ಬೇಕು. ಈ ವಾದವನ್ನು ನಾವು ಶಾಲೆಯ ಪುಸ್ತಕದಲ್ಲಿ ಡಾಲ್‌ಹೌಸಿಯ ಹೆಸರಿನಲ್ಲಿ ಓದಿದ್ದೇವೆ. ಡಾಲ್‌ಹೌಸಿ ಸಾತಾರೆಯನ್ನು ನುಂಗಿದ್ದು 1848ರಲ್ಲಿ. ಕಿತ್ತೂರಿನ ಮೇಲೆ ಅದೇ ವಾದ ಅದಕ್ಕೂ 24 ವರ್ಷ ಮೊದಲೇ ಪ್ರಯೋಗವಾಗಿತ್ತು. ಝಾನ್ಸಿಯ ಕಥೆ ಗೊತ್ತಿರುವ ದೇಶಕ್ಕೆ ಈ 24 ವರ್ಷದ ಲೆಕ್ಕ ಇನ್ನೂ ಸರಿಯಾಗಿ ತಲುಪಿಲ್ಲ.

ಥ್ಯಾಕರೆ ಮೇಲಿನವರ ತೀರ್ಮಾನ ಬರುವ ತನಕ ಕಾಯಲಿಲ್ಲ. ಮುಂಬಯಿಯಲ್ಲಿ ಗವರ್ನರ್ ಎಲ್ಫಿನ್‌ಸ್ಟನ್, ಪುಣೆಯಲ್ಲಿ ದಖ್ಖನದ ಕಮಿಷನರ್ ಚಾಪ್ಲಿನ್ ಇದ್ದರು. ಅವರ ಕಡೆಗೆ ಕಾಗದ ಬರೆಯುತ್ತಲೇ ಕಿತ್ತೂರಿಗೆ ಬಂದು ಖಜಾನೆಗೆ ಮೊಹರು ಹಾಕಿದ, ಕಾವಲು ಇಟ್ಟ, ಸಂಸ್ಥಾನದ ಮೇಲ್ವಿಚಾರಣೆಗೆ ತನಗೆ ಬೇಕಾದವರನ್ನು ನೇಮಿಸಿದ. ಜನರ ನೆನಪಿನಲ್ಲಿ ಮಲ್ಲಪ್ಪಶೆಟ್ಟಿ, ವೆಂಕಟರಾವ್ ಎಂಬ ಎರಡು ಹೆಸರು ದ್ರೋಹಕ್ಕೆ ಗುರುತಾಗಿ ಉಳಿದದ್ದು ಈ ನೇಮಕದಿಂದ. ಮನೆಯಲ್ಲಿ ಸೂತಕ ಇರುವಾಗಲೇ ಖಜಾನೆಯ ಬಾಗಿಲಿಗೆ ಪರರ ಅರಗು ಬಿದ್ದರೆ ಆ ಮನೆಯ ಹಿರಿಯ ಹೆಣ್ಣುಮಗಳಿಗೆ ಏನನಿಸಿರಬೇಕು? ಆಗ ಚನ್ನಮ್ಮನಿಗೆ ವಯಸ್ಸು ನಲವತ್ತು ದಾಟಿತ್ತು. ಗಂಡ ಹೋಗಿ ಎಂಟು ವರ್ಷ, ಈಗ ಮಗನೂ ಹೋದ. ಕೈಯಲ್ಲಿ ಉಳಿದದ್ದು ಒಬ್ಬ ಹುಡುಗ, ಸರದಾರ ಗುರುಸಿದ್ದಪ್ಪನಂಥ ಕೆಲವು ನಂಬಿಗಸ್ತರು, ಹಳ್ಳಿಗಳಿಂದ ಬಂದ ಸಂಬಳವಿಲ್ಲದ ದಂಡು.

ಅಕ್ಟೋಬರ್ 23ರ ಬೆಳಿಗ್ಗೆ ಕೋಟೆಯ ಬಾಗಿಲು ತೆರೆಯಲಿಲ್ಲ. ಒಳಗಿನವರು ಅಗಳಿ ಹಾಕಿಕೊಂಡಿದ್ದರು. ಥ್ಯಾಕರೆಯ ಜೊತೆ ಮದ್ರಾಸಿನ ಕುದುರೆ ತೋಪಿನ ಪಡೆ, ಕ್ಯಾಪ್ಟನ್ ಬ್ಲ್ಯಾಕ್, ಲೆಫ್ಟಿನೆಂಟ್ ಸಿವೆಲ್, ಲೆಫ್ಟಿನೆಂಟ್ ಡೈಟನ್ ಇದ್ದರು. ಬಾಗಿಲು ತೆಗೆಯಿರಿ, ಇಲ್ಲವಾದರೆ ತೋಪು ಹಚ್ಚಿ ಒಡೆಯುತ್ತೇವೆ ಎಂದು ಗಡುವು ಕೊಟ್ಟರು. ಗಡುವು ಮುಗಿಯುವ ಹೊತ್ತಿಗೆ ಬಾಗಿಲು ತಾನಾಗಿಯೇ ತೆರೆಯಿತು. ಒಳಗಿಂದ ದಂಡು ನುಗ್ಗಿ ಬಂತು. ತೋಪಿನವರಿಗೆ ಎರಡನೆಯ ಸಲ ಮದ್ದು ತುಂಬುವ ಅವಕಾಶ ಸಿಗಲಿಲ್ಲ. ಮೂವರು ಸೇನಾಧಿಕಾರಿಗಳೂ ಸತ್ತರು. ಥ್ಯಾಕರೆಯನ್ನು ಅಮಟೂರ ಬಾಳಪ್ಪ ಗುಂಡಿಟ್ಟು ಕೆಡವಿದ. ‘ವ್ಯಾನಿಟಿ ಫೇರ್’ ಬರೆದ ಇಂಗ್ಲಿಷ್ ಕಾದಂಬರಿಕಾರ ವಿಲಿಯಂ ಮೇಕ್‌ಪೀಸ್ ಥ್ಯಾಕರೆಗೆ ಈತ ಸ್ವಂತ ಚಿಕ್ಕಪ್ಪ. ಧಾರವಾಡದಲ್ಲಿ ಅವನ ಸ್ಮಾರಕದ ಕಂಬ ಇಂದಿಗೂ ನಿಂತಿದೆ.

ಬಹಳಷ್ಟು ನಾಟಕ, ಸಿನಿಮಾ, ಭಾಷಣಗಳು ಈ ದಿನದಲ್ಲೇ ನಿಂತುಬಿಡುತ್ತವೆ. ಅಕ್ಟೋಬರ್ 23ರಿಂದ ಡಿಸೆಂಬರ್ 5ರ ವರೆಗೆ 43 ದಿನ ಕಿತ್ತೂರು ಯಾರ ಅಪ್ಪಣೆಯೂ ಇಲ್ಲದೆ ತನ್ನನ್ನು ತಾನು ಆಳಿಕೊಂಡಿತು. ಆ 43 ದಿನಗಳೇ ನನಗೆ ದೊಡ್ಡವು. ಗೆದ್ದ ಸಿಟ್ಟಿನಲ್ಲಿ ಒಂದು ದಿನ ಕಳೆಯುವುದು ಕಷ್ಟವಲ್ಲ. ಮರುದಿನ ಏನು ಮಾಡಬೇಕು?

ಕಿತ್ತೂರಿನ ಕೈಯಲ್ಲಿ ಇಬ್ಬರು ಸೆರೆಯಾಳುಗಳಿದ್ದರು. ಇಬ್ಬರೂ ಥ್ಯಾಕರೆಯ ಕೈಕೆಳಗಿನ ಸಹಾಯಕರು: ಸ್ಟೀವನ್‌ಸನ್ ಮತ್ತು ವಾಲ್ಟರ್ ಎಲಿಯಟ್. ಎಲಿಯಟ್‌ಗೆ ಆಗ ಇಪ್ಪತ್ತೊಂದು ವರ್ಷ. ಕಲೆಕ್ಟರನ ಹೆಣ ಬಿದ್ದ ಊರಿನಲ್ಲಿ ಬಿಳಿಯರಿಬ್ಬರನ್ನು ಜೀವಂತ ಉಳಿಸುವುದು ಅಷ್ಟು ಹಗುರದ ಮಾತಾಗಿರಲಿಲ್ಲ. ಹೊರಗೆ ಜನ ಕೆರಳಿದ್ದರು. ಆದರೂ ಉಳಿಸಿದರು. ಕಂಪನಿಯ ದಂಡು ಮೈಮೇಲೆ ಬಂದರೆ ಇವರ ಜೀವಕ್ಕೆ ನಾವು ಹೊಣೆಯಲ್ಲ ಎಂಬ ಎಚ್ಚರಿಕೆಯೂ ಹೋಯಿತು. ಅದರ ಜೊತೆಗೇ ಪತ್ರಗಳು ಓಡಾಡಿದವು. ಸಂಸ್ಥಾನವನ್ನು ಮೊದಲಿನಂತೆ ನಡೆಸಿಕೊಡಿ ಎಂಬುದು ಚನ್ನಮ್ಮನ ಕಡೆಯ ಬೇಡಿಕೆ. ಮೊದಲು ಸೆರೆಯವರನ್ನು ಬಿಡಿ, ಗುರುಸಿದ್ದಪ್ಪನನ್ನೂ ಮುಂದಾಳುಗಳನ್ನೂ ಒಪ್ಪಿಸಿ, ಉಳಿದವರಿಗೆ ಕ್ಷಮೆ ಎಂಬುದು ಚಾಪ್ಲಿನ್ನನ ಉತ್ತರ. ಒಂದು ಸರಕಾರ ಇನ್ನೊಂದು ಸರಕಾರದ ಜೊತೆ ಆಡುವ ರೀತಿಯ ಮಾತುಕತೆ ಇದು. ದಂಗೆಯೆದ್ದ ಗುಂಪಿನ ಕೂಗಾಟವಲ್ಲ.

ಕಂಪನಿಗೂ ಆ ದಿನಗಳು ಸುಖದ ದಿನಗಳಾಗಿರಲಿಲ್ಲ. ಅದೇ ವರ್ಷ ಮಾರ್ಚ್‌ನಿಂದ ಬರ್ಮಾದ ಮೇಲೆ ಯುದ್ಧ ನಡೆದಿತ್ತು. ನವೆಂಬರ್ 2ರಂದು ಕಲ್ಕತ್ತೆಯ ಹತ್ತಿರದ ಬರಾಕಪುರದಲ್ಲಿ, ಬರ್ಮಾಕ್ಕೆ ಹೋಗಲು ಒಲ್ಲೆವೆಂದ ದೇಶಿ ಸಿಪಾಯಿಗಳ ಮೇಲೆ ಅವರದೇ ಸರಕಾರ ತೋಪು ಹಾರಿಸಿತು. ಆ ದಿನ ಕಿತ್ತೂರಿಗೆ ಹತ್ತು ದಿನದ ಸ್ವಾತಂತ್ರ್ಯ ತುಂಬಿತ್ತು. ಮರಾಠರಿಂದ ಕಿತ್ತುಕೊಂಡು ಆರು ವರ್ಷವಷ್ಟೇ ಆಗಿದ್ದ ಈ ಸೀಮೆಯಲ್ಲಿ ಒಬ್ಬ ದೇಸಾಯಿಯ ಹೆಂಡತಿ ಕಲೆಕ್ಟರನನ್ನು ಕೆಡವಿ ಕೋಟೆಯಲ್ಲಿ ಕೂತಿದ್ದಾಳೆ ಎಂಬ ಸುದ್ದಿ ಉಳಿದ ದೇಸಾಯಿ, ಜಹಗೀರದಾರರ ಕಿವಿಗೆ ಹೇಗೆ ಕೇಳಿಸೀತು ಎಂಬ ಅಂಜಿಕೆ ಮುಂಬಯಿಗೆ ಇತ್ತು. ಅದಕ್ಕೇ ಈ ಸಣ್ಣ ಊರಿನ ಮೇಲೆ ಹಲವು ಠಾಣ್ಯಗಳಿಂದ ದಂಡು ಕೂಡಿಸಿದರು.

ಡಿಸೆಂಬರ್ 2ರಂದು ಕಿತ್ತೂರು ಇಬ್ಬರೂ ಸೆರೆಯವರನ್ನು ಬಿಟ್ಟುಕೊಟ್ಟಿತು. ಒಪ್ಪಂದವಾದೀತು ಎಂಬ ಆಸೆಯಿಂದ ಬಿಟ್ಟರು. ತನ್ನ ಕೈಯಲ್ಲಿದ್ದ ಒಂದೇ ಹಿಡಿತವನ್ನು ಕಿತ್ತೂರು ಮಾತಿನ ನಂಬಿಕೆಯ ಮೇಲೆ ಸಡಿಲಿಸಿತು. ಮರುದಿನವೇ ಕಾದಾಟ ಶುರುವಾಯಿತು. ಕೋಟೆಯ ಹೊರಗಿನ ಮರಡಿಯನ್ನು ಕಂಪನಿಯವರು ಹಿಡಿದರು, ತೋಪು ಏರಿಸಿದರು, ಗೋಡೆ ಒಡೆದರು. ಮದ್ದಿನಲ್ಲಿ ಸೆಗಣಿ ಬೆರೆಸಿ ದ್ರೋಹ ಮಾಡಿದರು ಎಂದು ನಮ್ಮ ಲಾವಣಿಯವರು ಹಾಡುತ್ತಾರೆ. ಸೋಲಿನ ಸಂಕಟಕ್ಕೆ ಜನ ಕಂಡುಕೊಂಡ ವಿವರಣೆ ಅದು. ಕೋಟೆ ಏರುವಾಗ ಸೊಲ್ಲಾಪುರದ ಸಬ್ ಕಲೆಕ್ಟರ್ ಮನ್ರೋ ಗಾಯಗೊಂಡು ಸತ್ತ. 1818ರಲ್ಲಿ ಕಿತ್ತೂರಿನ ನೆರವು ಪಡೆದ ಥಾಮಸ್ ಮನ್ರೋನ ಸಂಬಂಧಿ ಆತ. ಡಿಸೆಂಬರ್ 5ರಂದು ಕೋಟೆ ಬಿತ್ತು. ಸುಮಾರು 16 ಲಕ್ಷ ರೂಪಾಯಿಯ ಖಜಾನೆ ಕಂಪನಿಯ ಪಾಲಾಯಿತು. ಅರಮನೆಯ ಸಾಗವಾನಿ ಕಂಬ, ತೊಲೆಗಳು ಯಾರು ಯಾರ ಮನೆಗೋ ಹೋದವು.

ಆ 43 ದಿನಗಳ ಕಾಗದಗಳಲ್ಲಿ ಹೆಚ್ಚುಪಾಲು ಸರಕಾರಿ ದಫ್ತರಗಳಲ್ಲಿ ಇಂಗ್ಲಿಷಿನಲ್ಲಿ ಉಳಿದಿವೆ. ಪ್ರತಿ ಅಕ್ಟೋಬರಿನಲ್ಲಿ ಕಿತ್ತೂರು ಉತ್ಸವ ನಡೆಯುತ್ತದೆ, 2024ರಲ್ಲಿ ಇನ್ನೂರು ವರ್ಷ ತುಂಬಿದಾಗ ಅಂಚೆಚೀಟಿಯೂ ಬಂತು. ಆ ವೇದಿಕೆಯ ಮೇಲೆ ಒಂದು ಸಂಜೆ ಹಾಡು ಕುಣಿತದ ನಡುವೆ ಈ ಪತ್ರಗಳನ್ನು ಕನ್ನಡದಲ್ಲಿ ತಾರೀಖಿನ ಪ್ರಕಾರ ಗಟ್ಟಿಯಾಗಿ ಓದಿಸಬೇಕು. ಒಂದು ಸಣ್ಣ ರಾಜ್ಯ ತನ್ನ ಹಕ್ಕನ್ನು ಎಷ್ಟು ವಿಚಾರವಂತಿಕೆಯಿಂದ ಕೇಳಿತ್ತು ಎಂಬುದು ಕಿತ್ತೂರಿನ ಮಕ್ಕಳಿಗೆ ಗೊತ್ತಾಗಬೇಕು.

ಬಿಡುಗಡೆಯಾದ ಎಲಿಯಟ್ ಮುಂದೇನಾದ ಎಂಬುದು ಈ ಕಥೆಯಲ್ಲಿ ನಾನು ಬಿಟ್ಟು ಹೋಗಲಾರದ ಸಂಗತಿ. ಇನ್ನೂ ಹತ್ತಿರ ಹತ್ತಿರ ಹತ್ತು ವರ್ಷ ಆತ ಇದೇ ಸೀಮೆಯಲ್ಲಿ ನೌಕರಿ ಮಾಡಿದ. ಕನ್ನಡ ಕಲಿತ. ಗುಡಿ ಗುಂಡಾರಗಳಲ್ಲಿ ಬಿದ್ದಿದ್ದ ಶಾಸನಗಳನ್ನು ನಕಲು ಮಾಡಿಸುತ್ತ ಹೋಗಿ 595 ಶಾಸನಗಳ ಸಂಗ್ರಹ ಮಾಡಿದ. 1837ರಲ್ಲಿ ಅದರ ಆಧಾರದ ಮೇಲೆ ಪ್ರಕಟಿಸಿದ ಲೇಖನದಿಂದ ಚಾಲುಕ್ಯರ ವಂಶಾವಳಿ ಮೊದಲ ಸಲ ಹೊರಜಗತ್ತಿಗೆ ವಿವರವಾಗಿ ತಿಳಿಯಿತು. ಈ ಸೀಮೆಯ ಪ್ರಾಣಿಗಳ ಬಗೆಗೂ ಬರೆದ. ಶಾಸನಗಳಲ್ಲಿ ಅವನು ಕಂಡ ನಾಡು ಯಾವುದು? ಸವದತ್ತಿಯ ರಟ್ಟರ ನಾಡು. ಸವದತ್ತಿ ತಾಲೂಕಿನ ಹೂಲಿಯಂಥ ಅಗ್ರಹಾರದಲ್ಲಿ ಸಾವಿರ ಮಹಾಜನರು ಕೂಡಿ ದಾನ ದತ್ತಿ, ಹೊಲ ತೋಟ, ಸುಂಕಗಳ ಮಾತು ತೀರ್ಮಾನಿಸುತ್ತಿದ್ದ ನಾಡು. ರಾಜರು ಬದಲಾದರೂ ಊರು ತನ್ನನ್ನು ತಾನು ನಡೆಸಿಕೊಂಡು ಹೋಗುತ್ತಿದ್ದ ಕಾಲದ ಸಾಕ್ಷಿ ಆ ಕಲ್ಲುಗಳಲ್ಲಿತ್ತು. ಕಿತ್ತೂರಿನವರು ಅಂದು ಆ ಹುಡುಗನ ಜೀವ ಉಳಿಸಿದ್ದರಿಂದ ನಮ್ಮ ಇತಿಹಾಸಕ್ಕೆ ಆದ ಲಾಭ ಸಣ್ಣದಲ್ಲ.

ಚನ್ನಮ್ಮನನ್ನು ಬೈಲಹೊಂಗಲದಲ್ಲಿ ಸೆರೆಯಿಟ್ಟರು. ಜೊತೆಗೆ ಸೊಸೆ ವೀರಮ್ಮ. ನಾಲ್ಕು ವರ್ಷ ಮೀರಿ ಅಲ್ಲಿದ್ದು 1829ರ ಫೆಬ್ರುವರಿ 2ರಂದು ರಾಣಿ ತೀರಿಕೊಂಡಳು. ಅವಳ ಸಮಾಧಿ ಬೈಲಹೊಂಗಲದಲ್ಲೇ ಇದೆ. ಅರಮನೆ ಒಂದು ಊರಿನಲ್ಲಿ, ಸಮಾಧಿ ಇನ್ನೊಂದು ಊರಿನಲ್ಲಿ ಆಯಿತು.

ಕೋಟೆ ಬಿದ್ದ ಮೇಲೆ ಹಳ್ಳಿಗಳ ಸರದಿ. ಮಾನ್ಯದ ಹೊಲಗಳ ಮೇಲೆ ಕಂಪನಿಯ ಕಣ್ಣು ಬಿತ್ತು. ಯಾರ ಹೊಲಕ್ಕೆ ಸನದಿದೆ, ಯಾರದಕ್ಕೆ ಇಲ್ಲ, ಯಾರು ಎಷ್ಟು ಕಂದಾಯ ಕಟ್ಟಬೇಕು ಎಂದು ಕುಲಕರ್ಣಿಯ ಕಡತ ಬಿಚ್ಚಿಕೊಂಡಿತು. ಸಂಗೊಳ್ಳಿಯ ರಾಯಣ್ಣ ಅಂಥ ಶೇತಸನದಿ ಮನೆತನದವನು, ಕುರುಬರ ಹುಡುಗ. 1824ರ ಕಾದಾಟದಲ್ಲಿ ಇದ್ದವನು. ಹೊಲದ ತೆರಿಗೆಯ ತಕರಾರಿನಲ್ಲಿ ಅವನ ತಾಯಿ ಕೆಂಚವ್ವನಿಗೆ ಊರ ಕುಲಕರ್ಣಿ ಅವಮಾನ ಮಾಡಿದ ಎಂದು ಲಾವಣಿಗಳು ಹೇಳುತ್ತವೆ. ರಾಣಿ ತೀರಿಕೊಂಡ ವರ್ಷವೇ ರಾಯಣ್ಣ ದಂಡು ಕಟ್ಟಿದ. 1830ರ ಜನವರಿ ಮೊದಲ ವಾರ ಬೀಡಿಯ ಕಚೇರಿಗೆ ಬೆಂಕಿ ಬಿತ್ತು. ಆಮೇಲೆ ನಂದಗಡ, ಖಾನಾಪುರ. ಅದೇ ತಿಂಗಳು ಸಂಪಗಾವಿಯ ಕಚೇರಿಯೂ ಹೊತ್ತಿಕೊಂಡಿತು. ಸವಾಯಿ ಮಲ್ಲಸರ್ಜನನ್ನು ಮತ್ತೆ ಪಟ್ಟಕ್ಕೆ ಕೂಡಿಸುವುದು ಅವರ ಗುರಿ. ಎಲ್ಲೆಲ್ಲಿ ಹೋದರೂ ಅವರ ಕೈ ಮೊದಲು ಹೋದದ್ದು ದಫ್ತರದ ಕಡೆಗೆ. ಸಾಲ ಬರೆದ ಕಾಗದ, ಕಂದಾಯ ಬರೆದ ಕಡತ, ಹೊಲ ಕಸಿದ ಲೆಕ್ಕ, ಎಲ್ಲ ಬೂದಿ.

ಇದನ್ನು ಓದುವಾಗ ನನಗೆ ಶಿಕಾರಿಪುರ ತಾಲೂಕಿನ ಈಸೂರು ನೆನಪಾಗುತ್ತದೆ. 1942ರ ಸೆಪ್ಟೆಂಬರಿನಲ್ಲಿ ಆ ಪುಟ್ಟ ಹಳ್ಳಿ ತಾನು ಸ್ವತಂತ್ರ ಎಂದು ಸಾರಿತು. ಊರ ಗುಡಿಯ ಮೇಲೆ ತ್ರಿವರ್ಣ ಧ್ವಜ ಏರಿಸಿತು, ಹುಡುಗರಲ್ಲೇ ಅಮಲ್ದಾರ, ಸಬ್ ಇನ್‌ಸ್ಪೆಕ್ಟರರನ್ನು ನೇಮಿಸಿತು. ಅಲ್ಲಿಯೂ ಮೊದಲು ಜನ ಕಿತ್ತುಕೊಂಡದ್ದು ಪಟೇಲ ಶಾನುಭೋಗರ ಕೈಯ ಕಂದಾಯದ ಪುಸ್ತಕಗಳನ್ನು. ಅದರ ಬೆಲೆಯಾಗಿ 1943ರ ಮಾರ್ಚಿನಲ್ಲಿ ಆ ಊರಿನ ಐವರು ಗಲ್ಲಿಗೇರಿದರು. ಸಂಗೊಳ್ಳಿಗೂ ಈಸೂರಿಗೂ ನೂರು ವರ್ಷಕ್ಕೂ ಮಿಕ್ಕಿದ ಅಂತರವಿದೆ. ಆದರೆ ರೈತನ ತಲೆಯ ಮೇಲೆ ಸರಕಾರ ಕೂತಿರುವುದು ಎಲ್ಲಿ ಎಂಬುದು ಎರಡೂ ಊರಿನವರಿಗೆ ಗೊತ್ತಿತ್ತು.

ರಾಯಣ್ಣನನ್ನು ಕಂಪನಿಯ ದಂಡು ಹಿಡಿಯಲಿಲ್ಲ, ಹಿಡಿಯಲು ಆಗಲೂ ಇಲ್ಲ. ಖೋದಾನಪುರ, ನೇಗಿನಹಾಳದ ಗೌಡರ ಮುಖಾಂತರ ಅವನ ದಂಡಿನೊಳಗೇ ಜನ ಸೇರಿಸಿದರು. 1830ರ ಏಪ್ರಿಲ್‌ನಲ್ಲಿ ಡೋರಿ ಬೆಣಚಿ ಹಳ್ಳದಲ್ಲಿ ಸ್ನಾನಕ್ಕೆ ಇಳಿದಾಗ, ಕತ್ತಿ ಕಾಯುತ್ತಿದ್ದವನೇ ಅದನ್ನು ವೈರಿಯ ಕೈಗೆ ಕೊಟ್ಟ. 1831ರ ಜನವರಿ 26ರಂದು ನಂದಗಡದಲ್ಲಿ ರಾಯಣ್ಣನನ್ನು ಗಲ್ಲಿಗೇರಿಸಿದರು. ಅವನ ಸಮಾಧಿಯ ಮೇಲೆ ಬೆಳೆದ ಆಲದ ಮರಕ್ಕೆ ಮಕ್ಕಳಾಗಲೆಂದು ಹರಕೆ ಹೊತ್ತವರು ತೊಟ್ಟಿಲು ಕಟ್ಟುತ್ತಾರೆ. ಅವನ ಲಾವಣಿಯನ್ನು ಮುಂದೆ ಜೆ. ಎಫ್. ಫ್ಲೀಟ್ ಎಂಬ ಬ್ರಿಟಿಷ್ ಅಧಿಕಾರಿ ಬರೆದುಕೊಂಡು ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚು ಹಾಕಿಸಿದ. ಗಲ್ಲಿಗೆ ಹಾಕಿದ ಸರಕಾರದ ನೌಕರನೇ ಆ ಹಾಡಿನ ಬೆಲೆ ಅರಿತು ಉಳಿಸಿದ್ದಕ್ಕೆ ನಾವು ಋಣಿಗಳು.

ರಾಯಣ್ಣ ಸೆರೆಯಲ್ಲಿದ್ದ 1830ರ ನವೆಂಬರಿನಲ್ಲೇ ಚಾರ್ಲ್ಸ್ ಮೆಟ್‌ಕಾಫ್ ಎಂಬ ಕಂಪನಿಯ ಹಿರಿಯ ಅಧಿಕಾರಿ ಹಿಂದೂಸ್ತಾನದ ಹಳ್ಳಿಗಳನ್ನು ಕುರಿತು ಒಂದು ಟಿಪ್ಪಣಿ ಬರೆದ. ಈ ಹಳ್ಳಿಗಳು ಪುಟ್ಟ ಗಣರಾಜ್ಯಗಳು, ರಾಜವಂಶಗಳು ಒಂದರ ಹಿಂದೊಂದು ಉರುಳಿದರೂ ಇವು ಉಳಿಯುತ್ತವೆ ಎಂಬುದು ಅದರ ತಾತ್ಪರ್ಯ. ಜಾತಿಯ ಏಣಿಶ್ರೇಣಿ ಇದ್ದ ಹಳ್ಳಿಯನ್ನು ಗಣರಾಜ್ಯ ಎಂದು ಒಪ್ಪಲು ನನಗೆ ಮನಸ್ಸಾಗುವುದಿಲ್ಲ. ಹೂಲಿಯ ಸಾವಿರ ಮಹಾಜನರಲ್ಲಿ ಉಳುವವನ ದನಿ ಇರಲಿಲ್ಲ. ಆದರೆ ಗೌಡನಿಂದ ವಾಲೀಕಾರನ ತನಕ ಪ್ರತಿ ಮನೆಗೂ ನೆಲದ ಮೇಲೆ ಒಂದು ಪಾಲು ಇದ್ದ, ಅದಕ್ಕಾಗಿ ಸಾಯಲೂ ಸಿದ್ಧವಿದ್ದ ಏರ್ಪಾಡು ಅದು ಎಂಬುದು ನಿಜ. ಆ ಏರ್ಪಾಡಿನ ಗಂಟನ್ನು ಒಂದೊಂದಾಗಿ ಬಿಚ್ಚುತ್ತಿದ್ದದ್ದು ಮೆಟ್‌ಕಾಫನ ಸರಕಾರವೇ.

ದತ್ತಕದ ತಕರಾರು ಕಿತ್ತೂರಿಗೆ ಮುಗಿಯಲಿಲ್ಲ. ನರಗುಂದದ ಭಾಸ್ಕರರಾವ್ ಭಾವೆ, ಜನರ ಬಾಯಲ್ಲಿ ಬಾಬಾಸಾಹೇಬ, ಮಕ್ಕಳಿಲ್ಲದೆ ದತ್ತಕಕ್ಕೆ ಅಪ್ಪಣೆ ಕೇಳಿದ. ಕಂಪನಿ ಕೊಡಲಿಲ್ಲ. ರಾಮದುರ್ಗದ ಅರಸ ಅವನ ಮಲಸಹೋದರ. 1858ರ ಮೇ 29ರ ರಾತ್ರಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ರಾಮದುರ್ಗದ ಸೀಮೆಯ ಸುರೇಬಾನದಲ್ಲಿ ತಂಗಿದ್ದ. ನರಗುಂದದವರು ಅಲ್ಲಿಗೇ ಬಂದು ಅವನನ್ನು ಕೊಂದು ತಲೆಯನ್ನು ನರಗುಂದದ ಅಗಸಿಗೆ ಕಟ್ಟಿದರು. ಎರಡು ವಾರದೊಳಗೆ, ಜೂನ್ 12ರಂದು, ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೆ ಹಾಕಿದರು. ನರಗುಂದ ಸಂಸ್ಥಾನ ಮುಗಿಯಿತು.

ರಾಮದುರ್ಗ ಬಂಡೇಳಲಿಲ್ಲ, ಉಳಿಯಿತು. 1857ರ ಬೆಂಕಿ ಕಂಡ ಮೇಲೆ ಬ್ರಿಟಿಷ್ ಸರಕಾರ ದತ್ತಕದ ವಾದವನ್ನೇ ಕೈಬಿಟ್ಟಿತು. ಗಂಡುಮಕ್ಕಳಿಲ್ಲದಿದ್ದರೆ ದತ್ತಕ ತೆಗೆದುಕೊಳ್ಳಲು ಅಡ್ಡಿಯಿಲ್ಲ ಎಂದು ಅರಸು ಮನೆತನಗಳಿಗೆ ಸನದು ಬರೆದುಕೊಟ್ಟಿತು. ರಾಮದುರ್ಗಕ್ಕೂ ಅಂಥ ಸನದು ಸಿಕ್ಕಿತು. ಕಿತ್ತೂರು ಯಾವುದಕ್ಕಾಗಿ ಮೂವರು ಸೇನಾಧಿಕಾರಿಗಳನ್ನೂ ಒಬ್ಬ ಕಲೆಕ್ಟರನನ್ನೂ ಕೊಂದು ತಾನೂ ಸತ್ತಿತೋ ಅದೇ ಹಕ್ಕು 169 ಚದರ ಮೈಲಿಯ ಈ ಸಂಸ್ಥಾನಕ್ಕೆ ಸಹಿ ಮೊಹರಿನ ಜೊತೆ ಬಂತು. ಚನ್ನಮ್ಮನ ಬೇಡಿಕೆ ನ್ಯಾಯವಾದದ್ದು ಎಂದು ಒಪ್ಪಲು ಸರಕಾರಕ್ಕೆ ಮೂವತ್ತೈದು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

ಆದರೆ ಅಷ್ಟು ಹೊತ್ತಿಗೆ ಪ್ರಶ್ನೆಯೇ ಬದಲಾಗತೊಡಗಿತ್ತು. 20ನೆಯ ಶತಮಾನದಲ್ಲಿ ರಾಮದುರ್ಗದ ನೇಕಾರರು, ರೈತರು ಅರಸನ ವಾರಸುದಾರ ಯಾರು ಎಂದು ಕೇಳಲಿಲ್ಲ. ನಮ್ಮ ಕಂದಾಯಕ್ಕೆ ಉತ್ತರ ಕೊಡುವವರು ಯಾರು ಎಂದು ಕೇಳಿದರು. ಪ್ರಜಾಸಂಘ ಕಟ್ಟಿದರು, ಜವಾಬ್ದಾರಿ ಸರಕಾರ ಬೇಕೆಂದರು. 1939ರ ಏಪ್ರಿಲ್‌ನಲ್ಲಿ ಮುಖಂಡರನ್ನು ಸೆರೆಹಿಡಿದಾಗ ಸುತ್ತಲ ಹಳ್ಳಿಗಳ ಜನ ರಾಮದುರ್ಗಕ್ಕೆ ನುಗ್ಗಿ ಜೈಲು ಒಡೆದರು. ಆ ಗಲಭೆಯಲ್ಲಿ ಪೊಲೀಸರು ಸತ್ತರು. ಗಾಂಧೀಜಿ ತಮ್ಮ ‘ಹರಿಜನ’ ಪತ್ರಿಕೆಯಲ್ಲಿ ಆ ಹಿಂಸೆಯನ್ನು ನೊಂದು ಖಂಡಿಸಿದರು. ಸಂಸ್ಥಾನದ ದಮನದಲ್ಲಿ ಎಷ್ಟೋ ಮನೆಗಳು ಹಾಳಾದವು.

1948ರ ಮಾರ್ಚ್ 8ರಂದು ರಾಮದುರ್ಗದ ಅರಸರು ಸಂಸ್ಥಾನವನ್ನು ಭಾರತಕ್ಕೆ ಒಪ್ಪಿಸಿದರು. ಅದು ಬೆಳಗಾವಿ ಜಿಲ್ಲೆಯ ಒಂದು ತಾಲೂಕಾಯಿತು. 1951-52ರ ಮೊದಲ ಚುನಾವಣೆಯಲ್ಲಿ ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗದವರು ಮತ ಹಾಕಿದ್ದು ಮುಂಬಯಿ ರಾಜ್ಯದ ಪ್ರಜೆಗಳಾಗಿ. 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆಯ ಜೊತೆ ಈ ನಾಲ್ಕೂ ಊರುಗಳು ಕನ್ನಡ ನಾಡಿನ ಸರಕಾರದ ಕೆಳಗೆ ಬಂದವು.